ನೆದರ್ಲೆಂಡ್ಸ್‌ನ ಹಂದಿ ಸಾಕಣೆಗಾರರಲ್ಲಿ ಕಂಡ ಎಂಆರ್‌ಎಸ್‌ಎ: ಒಂದು ಪ್ರಕರಣ ಅಧ್ಯಯನ

2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರು ತಿಂಗಳ ಹೆಣ್ಣು ಮಗುವೊಂದಕ್ಕೆ ಎದೆಗೂಡಿನ ಶಸ್ತ್ರಚಿಕಿತ್ಸೆ ನಡೆಯಬೇಕಿತ್ತು. ಅದಕ್ಕೆ ಮುನ್ನ ತೆಗೆದ ಸ್ವಾಬ್ ಮಾದರಿಯಲ್ಲಿ ಮೆಥಿಸಿಲಿನ್ ಔಷಧಕ್ಕೆ ಜಗ್ಗದ ಸ್ಟಾಫಿಲೊಕಾಕಸ್ ಆರಿಯಸ್, ಅಂದರೆ ಎಂಆರ್‌ಎಸ್‌ಎ, ಬೆಳೆಯಿತು. ಈ ಬ್ಯಾಕ್ಟೀರಿಯಾ ಆಸ್ಪತ್ರೆಗಳಲ್ಲಿ ಸರ್ವೇಸಾಮಾನ್ಯವಾಗಿರುವ ದೇಶದಲ್ಲಾಗಿದ್ದರೆ ಈ ಫಲಿತಾಂಶ ರೋಗಿಯ ಕಡತದಲ್ಲಿ ಒಂದು ಸಾಲಾಗಿ ಉಳಿದುಬಿಡುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ ಮಾತ್ರ ಅದು ಉತ್ತರ ಸಿಗುವವರೆಗೂ ಬಿಡದೆ ಕೇಳಬೇಕಾದ ಪ್ರಶ್ನೆಯಾಯಿತು. ಮಗು ಹೊರದೇಶಕ್ಕೆ ಹೋಗಿರಲಿಲ್ಲ, ಹೊರದೇಶದ ಯಾವ ಆಸ್ಪತ್ರೆಯಲ್ಲೂ ದಾಖಲಾಗಿರಲಿಲ್ಲ. ಹಾಗಾದರೆ ಈ ಬ್ಯಾಕ್ಟೀರಿಯಾ ಬಂದದ್ದೆಲ್ಲಿಂದ? ತಂದೆತಾಯಿಯನ್ನು ಪರೀಕ್ಷಿಸಿದಾಗ ಅವರಲ್ಲೂ ಅದೇ ಸಿಕ್ಕಿತು. ಅವರು ಹಂದಿ ಸಾಕುವ ರೈತರಾಗಿದ್ದರು.

ನೈಮೇಖೆನ್ ನಗರದ ಸೂಕ್ಷ್ಮಜೀವಿ ತಜ್ಞ ಆಂಡ್ರಿಯಾಸ್ ಫಾಸ್ ಮತ್ತು ಸಂಗಡಿಗರು 2005ರ ಡಿಸೆಂಬರಿನಲ್ಲಿ ಪ್ರಕಟಿಸಿದ ಎರಡು ಪುಟದ ವರದಿಯಲ್ಲಿ ಈ ಸಂಗತಿ ಮೊದಲು ದಾಖಲಾಯಿತು. ಮನುಷ್ಯರೂ ಪ್ರಾಣಿಗಳೂ ಔಷಧ ನಿರೋಧಕ ಬ್ಯಾಕ್ಟೀರಿಯಾವನ್ನು ಪರಸ್ಪರ ಹಂಚಿಕೊಳ್ಳುತ್ತಾರೆ ಎಂಬ ಮಾತಿಗೆ ಜಗತ್ತಿನಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ಆದರೂ ಈ ಒಂದನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಇದರಲ್ಲಿ ಬ್ಯಾಕ್ಟೀರಿಯಾ ಎರಡೂ ದಿಕ್ಕಿಗೆ ನಡೆದಿದೆ, ಮತ್ತು ಆ ಎರಡೂ ನಡಿಗೆಯ ಹೆಜ್ಜೆಗುರುತು ಅದರ ವಂಶವಾಹಿಗಳಲ್ಲಿ ಓದಲು ಸಿಗುವಂತಿದೆ.

ಮೂಗಿನ ಹೊಳ್ಳೆಯ ನಿವಾಸಿ

ಸ್ಟಾಫಿಲೊಕಾಕಸ್ ಆರಿಯಸ್ ನಮಗೆ ಅಪರಿಚಿತವಲ್ಲ. ಆರೋಗ್ಯವಂತರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೂಗಿನ ಹೊಳ್ಳೆಯೊಳಗೆ ಅದು ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಚರ್ಮ ಬಿರಿದಾಗ, ಗಾಯವಾದಾಗ, ಶಸ್ತ್ರಚಿಕಿತ್ಸೆಯ ಹೊಲಿಗೆ ಇನ್ನೂ ಹಸಿಯಾಗಿರುವಾಗ ಒಳನುಗ್ಗಿ ಕುರು, ಕೀವು, ಮೂಳೆಯ ಸೋಂಕು, ಕೆಲವೊಮ್ಮೆ ರಕ್ತದ ಸೋಂಕನ್ನೂ ಉಂಟುಮಾಡುತ್ತದೆ. ಪೆನಿಸಿಲಿನ್ ಬಂದ ಕೆಲವೇ ವರ್ಷಗಳಲ್ಲಿ ಇದು ಆ ಔಷಧವನ್ನು ಒಡೆಯುವ ಕಿಣ್ವವನ್ನು ರೂಢಿಸಿಕೊಂಡಿತು. ಆ ಕಿಣ್ವಕ್ಕೆ ಸಿಗದ ಮೆಥಿಸಿಲಿನ್ 1959ರಲ್ಲಿ ಬಳಕೆಗೆ ಬಂದರೆ, 1961ರಲ್ಲೇ ಇಂಗ್ಲೆಂಡಿನಿಂದ ಮೆಥಿಸಿಲಿನ್‌ಗೂ ಬಗ್ಗದ ತಳಿಗಳ ವರದಿ ಬಂತು.

ಈ ಪ್ರತಿರೋಧದ ರೀತಿ ಸ್ವಲ್ಪ ವಿವರಿಸಬೇಕಾದದ್ದು. ಪೆನಿಸಿಲಿನ್ ಬಳಗದ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಹೆಣೆಯುವ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತವೆ. ಗಾರೆಯವನ ಕೈ ಕಟ್ಟಿಹಾಕಿದರೆ ಗೋಡೆ ಏಳುವುದಿಲ್ಲ, ಅಷ್ಟೇ. ಮೆಕ್‌ಎ ಎಂಬ ವಂಶವಾಹಿಯನ್ನು ಪಡೆದ ಬ್ಯಾಕ್ಟೀರಿಯಾ ಆ ಹಗ್ಗಕ್ಕೆ ಸಿಗದ ಇನ್ನೊಬ್ಬ ಗಾರೆಯವನನ್ನು ಇಟ್ಟುಕೊಂಡಿರುತ್ತದೆ. ಆದ್ದರಿಂದ ಅದಕ್ಕೆ ಮೆಥಿಸಿಲಿನ್ ಮಾತ್ರವಲ್ಲ, ಆ ಬಳಗದ ಬಹುತೇಕ ಎಲ್ಲ ಔಷಧಗಳೂ ನಿಷ್ಪ್ರಯೋಜಕವಾಗುತ್ತವೆ. ಮೆಕ್‌ಎ ಒಂಟಿಯಾಗಿ ಓಡಾಡುವುದಿಲ್ಲ. ವರ್ಣತಂತುವಿನಿಂದ ಕಳಚಿಕೊಂಡು ಇನ್ನೊಂದು ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿ ಕೂರಬಲ್ಲ ಒಂದು ಕ್ಯಾಸೆಟ್ಟಿನೊಳಗೆ, ಬೇರೆ ವಂಶವಾಹಿಗಳ ಜೊತೆ ಅದು ಪಯಣಿಸುತ್ತದೆ. ಜೊತೆಗಿರುವ ಆ ವಂಶವಾಹಿಗಳ ವಿಷಯ ಮುಂದೆ ಬರುತ್ತದೆ.

ನೆದರ್ಲೆಂಡ್ಸ್ ಇದರ ವಿರುದ್ಧ ಹಿಡಿದ ಹಾದಿ ‘ಹುಡುಕು, ನಿರ್ಮೂಲಗೊಳಿಸು’ ಎಂಬುದು. ಹೊರದೇಶದ ಆಸ್ಪತ್ರೆಯಲ್ಲಿದ್ದು ಬಂದ ರೋಗಿಯನ್ನು ಪರೀಕ್ಷೆಯ ಫಲಿತಾಂಶ ಬರುವವರೆಗೆ ಪ್ರತ್ಯೇಕ ಕೋಣೆಯಲ್ಲಿ ಇರಿಸಲಾಗುತ್ತದೆ, ವಾಹಕರೆಂದು ಕಂಡುಬಂದ ಸಿಬ್ಬಂದಿಯನ್ನು ಮೂಗಿನ ಮುಲಾಮು ಮತ್ತು ಸೋಂಕುನಿವಾರಕ ಸ್ನಾನದ ಚಿಕಿತ್ಸೆ ಫಲಿಸುವ ತನಕ ರೋಗಿಗಳ ಬಳಿಗೆ ಬಿಡುವುದಿಲ್ಲ, ಒಂದು ವಾರ್ಡಿನಲ್ಲಿ ಅನಿರೀಕ್ಷಿತವಾಗಿ ಒಬ್ಬರಲ್ಲಿ ಸಿಕ್ಕರೆ ಅವರ ಸಂಪರ್ಕಕ್ಕೆ ಬಂದವರೆಲ್ಲರ ಮಾದರಿ ತೆಗೆಯಲಾಗುತ್ತದೆ. ದುಬಾರಿಯೂ ತ್ರಾಸದಾಯಕವೂ ಆದ ಈ ಕ್ರಮದ ಫಲವಾಗಿ ಅಲ್ಲಿ ಆಸ್ಪತ್ರೆಗೆ ದಾಖಲಾಗುವವರಲ್ಲಿ ಎಂಆರ್‌ಎಸ್‌ಎ ಹೊತ್ತವರ ಪ್ರಮಾಣ ಶೇ. 0.03ರಷ್ಟು, ಅಂದರೆ ಹತ್ತು ಸಾವಿರದಲ್ಲಿ ಮೂವರು, ಎಂಬ ಮಟ್ಟದಲ್ಲಿತ್ತು. ಮಗುವಿನ ಫಲಿತಾಂಶ ಎದ್ದು ಕಂಡದ್ದು ಈ ಹಿನ್ನೆಲೆಯಲ್ಲಿ. ಬಿಳಿಯ ಪಂಚೆಯ ಮೇಲಿನ ಚುಕ್ಕೆ ದೂರದಿಂದಲೂ ಕಾಣುತ್ತದೆ.

ಕತ್ತರಿಸಲಾಗದ ಡಿಎನ್‌ಎ

ಪ್ರಯೋಗಾಲಯದಲ್ಲಿ ಇನ್ನೊಂದು ತೊಡಕು ಎದುರಾಯಿತು. ಇಬ್ಬರಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳು ಒಂದೇ ತಳಿಯವೇ ಎಂದು ತಿಳಿಯಲು ಆಗ ಬಳಸುತ್ತಿದ್ದ ಪ್ರಮುಖ ವಿಧಾನ ಪಲ್ಸ್ಡ್ ಫೀಲ್ಡ್ ಜೆಲ್ ಎಲೆಕ್ಟ್ರೊಫೊರೆಸಿಸ್. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಸ್ಮಾ-1 ಎಂಬ ಕತ್ತರಿ ಕಿಣ್ವದಿಂದ ತುಂಡರಿಸಿ, ಆ ತುಂಡುಗಳನ್ನು ಜೆಲ್ ಹಲಗೆಯ ಮೇಲೆ ವಿದ್ಯುತ್ತಿನ ಸೆಳೆತದಲ್ಲಿ ಓಡಿಸುತ್ತಾರೆ. ಚಿಕ್ಕ ತುಂಡುಗಳು ದೂರ ಹೋಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ, ಕೊನೆಗೆ ಏಣಿಯ ಮೆಟ್ಟಿಲುಗಳಂತೆ ಪಟ್ಟೆಗಳ ಸಾಲು ಮೂಡುತ್ತದೆ. ಪ್ರತಿ ತಳಿಗೂ ಅದರದೇ ಏಣಿ. ಹಂದಿ ಸಾಕಣೆಗಾರರಿಂದ ಬಂದ ಬ್ಯಾಕ್ಟೀರಿಯಾವನ್ನು ಹೀಗೆ ಓಡಿಸಿದಾಗ ಅಕ್ಕಪಕ್ಕದ ಸಾಲುಗಳಲ್ಲಿ ಏಣಿಗಳು ಮೂಡಿದರೂ ಇದರ ಸಾಲಿನಲ್ಲಿ ಮಾದರಿ ಹಾಕಿದ ಗುಂಡಿಯ ಬಳಿಯೇ ಕದಲದೆ ನಿಂತ ಕಲೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕತ್ತರಿ ಕೆಲಸವನ್ನೇ ಮಾಡಿರಲಿಲ್ಲ.

ಸಾಮಾನ್ಯವಾಗಿ ಇಂಥ ಸಾಲನ್ನು ಕಂಡಾಗ ಪರೀಕ್ಷೆ ಕೆಟ್ಟಿದೆ ಎಂದುಕೊಂಡು ಮತ್ತೆ ಮಾಡುತ್ತಾರೆ, ಮತ್ತೂ ಬಾರದಿದ್ದರೆ ‘ಗುರುತಿಸಲಾಗಲಿಲ್ಲ’ ಎಂದು ಬರೆದು ಬದಿಗಿಡುತ್ತಾರೆ. ಇಲ್ಲಿ ಆ ‘ಗುರುತಿಸಲಾಗಲಿಲ್ಲ’ ಎಂಬುದೇ ಗುರುತಾಯಿತು. ಈ ತಳಿಗೆ ತನ್ನ ಡಿಎನ್‌ಎಯ ಮೇಲೆ, ಸರಿಯಾಗಿ ಆ ಕಿಣ್ವ ಕತ್ತರಿಸುವ ಜಾಗಗಳಲ್ಲೇ, ಮೀಥೈಲ್ ಗುಂಪನ್ನು ಅಂಟಿಸುವ ಸ್ವಂತ ಕಿಣ್ವವೊಂದಿದೆ ಎಂದು 2006ರಲ್ಲಿ ತಿಳಿಯಿತು. ಹಾಗೆ ಮುಚ್ಚಿದ ಜಾಗದಲ್ಲಿ ಕತ್ತರಿ ಕಚ್ಚುವುದಿಲ್ಲ. ಅದಕ್ಕೂ ಮೊದಲೇ ಬೇರೆ ವಿಧಾನಗಳಿಂದ ಇವೆಲ್ಲ ಒಂದೇ ಕುಲಕ್ಕೆ ಸೇರಿದವೆಂದು ಗೊತ್ತಾಗಿತ್ತು. ಆ ಕುಲಕ್ಕೆ ಎಸ್‌ಟಿ398 ಎಂದು ಹೆಸರು. ಅದರ ಹತ್ತಿರದ ಬಂಧುಗಳನ್ನೂ ಒಳಗೊಂಡ ಬಳಗವನ್ನು ಸಿಸಿ398 ಎನ್ನುತ್ತಾರೆ. ಅದೇ ಸುಮಾರಿಗೆ, 2005ರಲ್ಲಿ, ಫ್ರಾನ್ಸ್‌ನ ಸಂಶೋಧಕರು ಅಲ್ಲಿನ ಹಂದಿ ಸಾಕಣೆಗಾರರ ಮೂಗಿನಲ್ಲಿರುವ ಸ್ಟಾಫಿಲೊಕಾಕಸ್ ಅವರ ಹಂದಿಗಳಲ್ಲಿರುವುದನ್ನು ಹೋಲುತ್ತದೆಯೇ ಹೊರತು ಊರಿನ ಇತರರಲ್ಲಿರುವುದನ್ನಲ್ಲ ಎಂದು ಬರೆದಿದ್ದರು.

ಫಾಸ್ ತಂಡ ಆಸುಪಾಸಿನ 26 ಹಂದಿ ಸಾಕಣೆಗಾರರ ಮಾದರಿಗಳನ್ನು ತೆಗೆದುಕೊಂಡಿತು. ಆರು ಮಂದಿಯಲ್ಲಿ ಎಂಆರ್‌ಎಸ್‌ಎ ಇತ್ತು, ಶೇ. 23. ಆಸ್ಪತ್ರೆಗೆ ಬರುವ ಸಾಮಾನ್ಯ ರೋಗಿಗಳ ಪ್ರಮಾಣಕ್ಕೆ ಹೋಲಿಸಿದರೆ ಇದು 760 ಪಟ್ಟಿಗೂ ಹೆಚ್ಚು. 26 ಎಂಬುದು ತೀರ ಚಿಕ್ಕ ಸಂಖ್ಯೆ ಎಂಬ ಆಕ್ಷೇಪಣೆ ಸರಿಯೇ, ಆದರೆ ಅಂತರ ಇಷ್ಟು ದೊಡ್ಡದಿರುವಾಗ ಆ ಆಕ್ಷೇಪಣೆಗೆ ತೂಕ ಉಳಿಯುವುದಿಲ್ಲ. ಅದೇ ವರದಿ ಮೂರು ಬಗೆಯ ದಾಟುವಿಕೆಯನ್ನು ತೋರಿಸಿತು: ಹಂದಿ ಮತ್ತು ರೈತನ ನಡುವೆ, ರೈತ ಮತ್ತು ಅವನ ಮನೆಮಂದಿಯ ನಡುವೆ, ಆಸ್ಪತ್ರೆಯಲ್ಲಿ ನರ್ಸ್ ಮತ್ತು ರೋಗಿಯ ನಡುವೆ.

ಇನ್ನೊಂದು ಮನೆಯ ಕಥೆ 2006ರಲ್ಲಿ ಪ್ರಕಟವಾಯಿತು. ಎಂಆರ್‌ಎಸ್‌ಎಯಿಂದ ಎದೆಬಾವು ಬಂದಿದ್ದ ಎಳೆ ಬಾಣಂತಿಯೊಬ್ಬಳ ಗಂಡ ಹಂದಿ ಸಾಕುತ್ತಿದ್ದ. ಹುಡುಕುತ್ತ ಹೋದಾಗ ಗಂಡನಲ್ಲಿ, ಹಸುಗೂಸಿನಲ್ಲಿ, ಅವರ ಜೊತೆ ದುಡಿಯುತ್ತಿದ್ದ ಮೂವರಲ್ಲಿ, ಪರೀಕ್ಷಿಸಿದ 10 ಹಂದಿಗಳ ಪೈಕಿ 8ರಲ್ಲಿ ಅದು ಸಿಕ್ಕಿತು. ಎಲ್ಲವೂ ಎಸ್‌ಟಿ398, ಎಲ್ಲವೂ ಆ ಕತ್ತರಿಗೆ ಬಗ್ಗದವು. ನಮ್ಮ ಕಡೆ ಹಸುವಿನ ಕೆಚ್ಚಲುಬಾವನ್ನು ಕಂಡವರಿಗೆ ಇಲ್ಲಿ ಒಂದು ಮಾತು ಹೊಳೆಯದೆ ಇರದು. ಬಾಣಂತಿಯ ಎದೆಬಾವಿಗೂ ಹಸುವಿನ ಕೆಚ್ಚಲುಬಾವಿಗೂ ಹಲವು ಬಾರಿ ಕಾರಣವಾಗುವುದು ಈ ಒಂದೇ ಬ್ಯಾಕ್ಟೀರಿಯಾ.

ಎಷ್ಟು ಹರಡಿತ್ತು

ಆ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ ಸುಮಾರು 1.6 ಕೋಟಿ ಜನ, 1.1 ಕೋಟಿ ಹಂದಿಗಳು. ಹಂದಿಗಳು ದೇಶದ ತುಂಬ ಸಮವಾಗಿ ಹಂಚಿಹೋಗಿಲ್ಲ, ದಕ್ಷಿಣ ಮತ್ತು ಪೂರ್ವದ ಪ್ರಾಂತ್ಯಗಳಲ್ಲಿ ಒತ್ತೊತ್ತಾಗಿವೆ. 2005–06ರಲ್ಲಿ ಒಂಬತ್ತು ಕಸಾಯಿಖಾನೆಗಳಿಗೆ ಬಂದ 540 ಹಂದಿಗಳ ಮೂಗಿನ ಮಾದರಿ ತೆಗೆದಾಗ ಶೇ. 39ರಲ್ಲಿ ಎಂಆರ್‌ಎಸ್‌ಎ ಇತ್ತು. ಹಿಂಡುಗಳನ್ನು ಲೆಕ್ಕಕ್ಕೆ ಹಿಡಿದರೆ 54ರಲ್ಲಿ 44 ಹಿಂಡುಗಳಲ್ಲಿ ಕನಿಷ್ಠ ಒಂದು ಹಂದಿಯಾದರೂ ಅದನ್ನು ಹೊತ್ತಿತ್ತು. ಸಿಕ್ಕ ತಳಿಗಳೆಲ್ಲವೂ ಎಸ್‌ಟಿ398, ಎಲ್ಲವೂ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್‌ಗೆ ನಿರೋಧಕ.

ಮನುಷ್ಯರ ಕಡೆಯ ಲೆಕ್ಕವೂ ಇದಕ್ಕೆ ತಾಳೆಯಾಯಿತು. ದೇಶದ ರೋಗಿಗಳಿಂದ 2002ರಲ್ಲಿ ಸಂಗ್ರಹಿಸಿದ ಎಂಆರ್‌ಎಸ್‌ಎಯಲ್ಲಿ ‘ಗುರುತಿಸಲಾಗದ’ ತಳಿ ಒಂದೂ ಇರಲಿಲ್ಲ. 2006ರ ಹೊತ್ತಿಗೆ ದೇಶದಲ್ಲಿ ಮನುಷ್ಯರಿಂದ ಬೇರ್ಪಡಿಸಿದ ಎಂಆರ್‌ಎಸ್‌ಎಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಅದೇ ಆಗಿತ್ತು. ಬೇರೆ ಎಂಆರ್‌ಎಸ್‌ಎ ಹೊತ್ತವರೊಡನೆ ಹೋಲಿಸಿದರೆ ಈ ತಳಿಯನ್ನು ಹೊತ್ತವರು ಹಂದಿ ಸಾಕುವವರಾಗಿರುವ ಸಾಧ್ಯತೆ ಸುಮಾರು 12 ಪಟ್ಟು, ದನಕರು ಸಾಕುವವರಾಗಿರುವ ಸಾಧ್ಯತೆ ಸುಮಾರು 20 ಪಟ್ಟು ಹೆಚ್ಚು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ದನಕರು ಎಂದರೆ ಮುಖ್ಯವಾಗಿ ಮಾಂಸಕ್ಕಾಗಿ ಬೆಳೆಸುವ ಎಳೆಗರುಗಳ ಉದ್ಯಮ. ಬೇರೆ ಬೇರೆ ಡೇರಿಗಳಿಂದ ಕೊಂಡು ತಂದ ಗಂಡುಕರುಗಳನ್ನು ಒಂದೇ ಸೂರಿನಡಿ ಸೇರಿಸುವುದರಿಂದ ಕಾಯಿಲೆಗಳೂ ಸೇರುತ್ತವೆ, ಅದಕ್ಕೆ ತಕ್ಕಂತೆ ಔಷಧವೂ ಹರಿಯುತ್ತದೆ.

ಇಲ್ಲಿ ಹಂದಿಗೂಡಿನ ಒಳಗಿನ ಗಾಳಿಯನ್ನು ನೆನೆಯಬೇಕು. ನೂರಾರು ಪ್ರಾಣಿಗಳು ಓಡಾಡುವ ಮುಚ್ಚಿದ ಕಟ್ಟಡದಲ್ಲಿ ಮೇವಿನ ಪುಡಿ, ಒಣಗಿದ ಸಗಣಿ, ಚರ್ಮದ ಹೊಟ್ಟು ಎಲ್ಲ ಸೇರಿದ ಧೂಳು ಸದಾ ತೇಲುತ್ತಿರುತ್ತದೆ, ಆ ಧೂಳಿನಲ್ಲಿ ಎಂಆರ್‌ಎಸ್‌ಎಯೂ ಇರುತ್ತದೆ. ಪ್ರಾಣಿಯನ್ನು ಮುಟ್ಟದಿದ್ದರೂ ಉಸಿರಾಡಿದರೆ ಸಾಕು. ಅಧ್ಯಯನಕ್ಕಾಗಿ ಇಂಥ ಕೊಟ್ಟಿಗೆಗಳಿಗೆ ಹೋಗಿ ಬರುತ್ತಿದ್ದ ಕ್ಷೇತ್ರ ಸಹಾಯಕರ ಮೂಗಿನ ಮಾದರಿಯನ್ನು ಭೇಟಿಯ ಮೊದಲೂ ನಂತರವೂ ತೆಗೆದು ನೋಡಿದಾಗ, 199 ಭೇಟಿಗಳಲ್ಲಿ 34ರಲ್ಲಿ, ಅಂದರೆ ಶೇ. 17ರಲ್ಲಿ, ಹೊರಬಂದ ಕೂಡಲೇ ಮೂಗಿನಲ್ಲಿ ಎಂಆರ್‌ಎಸ್‌ಎ ಇತ್ತು. ಮಾರನೆಯ ದಿನ ನೋಡಿದರೆ ಅವುಗಳ ಪೈಕಿ ಶೇ. 94ರಲ್ಲಿ ಅದು ಮಾಯವಾಗಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಬ್ಯಾಕ್ಟೀರಿಯಾ ಸುಲಭವಾಗಿ ಹತ್ತುತ್ತದೆ, ಆದರೆ ಸುಲಭವಾಗಿ ನೆಲೆಯೂರುವುದಿಲ್ಲ. ರೈತನಿಗೆ ಮಾತ್ರ ಮಾರನೆಯ ದಿನವೂ ಅದೇ ಕೊಟ್ಟಿಗೆ, ಅದೇ ಧೂಳು. ಅವನು ವಾಹಕನಾಗಿ ಉಳಿಯುವುದು ಅವನ ಮೂಗಿನ ದೋಷದಿಂದಲ್ಲ, ಕೆಲಸದಿಂದ. ಆಸ್ಪತ್ರೆ ಅವನಿಗೆ ಮುಲಾಮು ಕೊಟ್ಟು ಕಳುಹಿಸಿದರೆ ಒಂದೇ ವಾರದಲ್ಲಿ ಹಳೆಯ ಸ್ಥಿತಿಗೆ ಮರಳಬಹುದು ಎಂಬುದನ್ನು ಒಪ್ಪಿಕೊಳ್ಳಲು ‘ನಿರ್ಮೂಲಗೊಳಿಸು’ ಎಂಬ ನೀತಿಗೆ ಸ್ವಲ್ಪ ಕಷ್ಟವೇ ಆಯಿತು.

ಮನುಷ್ಯನಿಂದ ಹೊರಟದ್ದು

ಇಷ್ಟಾಗುವ ಹೊತ್ತಿಗೆ ಸುದ್ದಿಯ ಭಾಷೆಯಲ್ಲಿ ಇದು ‘ಹಂದಿಯ ಬ್ಯಾಕ್ಟೀರಿಯಾ’ ಆಗಿಹೋಗಿತ್ತು. 2012ರ ಫೆಬ್ರುವರಿಯಲ್ಲಿ ಅಮೆರಿಕದ ಲ್ಯಾನ್ಸ್ ಪ್ರೈಸ್ ಮತ್ತು ಅನೇಕ ದೇಶಗಳ ಸಹಸಂಶೋಧಕರು 19 ದೇಶಗಳಿಂದ ತರಿಸಿದ 89 ಸಿಸಿ398 ತಳಿಗಳ ಸಂಪೂರ್ಣ ಡಿಎನ್‌ಎ ಓದಿ ವಂಶವೃಕ್ಷ ಬರೆದರು. ವೃಕ್ಷದ ಬುಡದಲ್ಲಿದ್ದದ್ದು ಹಂದಿಯ ತಳಿಗಳಲ್ಲ. ಮನುಷ್ಯರಲ್ಲಿ ವಾಸಿಸುವ, ಮೆಥಿಸಿಲಿನ್‌ಗೆ ಸಾಯುವ, ಸಾಧುವಾದ ತಳಿಗಳು ಅಲ್ಲಿದ್ದವು.

ಆ ಮನುಷ್ಯ ತಳಿಗಳಲ್ಲಿ ಒಂದು ವೈರಸ್ಸಿನ ಡಿಎನ್‌ಎ ಅಡಗಿ ಕುಳಿತಿರುತ್ತದೆ. ಅದರೊಳಗಿನ ಕೆಲವು ವಂಶವಾಹಿಗಳು ಮನುಷ್ಯನ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸಲು ಬ್ಯಾಕ್ಟೀರಿಯಾಕ್ಕೆ ನೆರವಾಗುತ್ತವೆ. ಹಂದಿಗೆ ದಾಟಿದ ಕವಲಿನಲ್ಲಿ ಆ ತುಂಡು ಕಾಣೆಯಾಗಿದೆ. ಹೊಸ ಮನೆಯಲ್ಲಿ ಬೇಡದ ಸಾಮಾನನ್ನು ಯಾರು ಹೊತ್ತುಕೊಂಡು ತಿರುಗುತ್ತಾರೆ? ಅದರ ಬದಲು ಟೆಟ್ರಾಸೈಕ್ಲಿನ್‌ಗೆ ಪ್ರತಿರೋಧ ಕೊಡುವ ಟೆಟ್‌ಎಂ ಎಂಬ ವಂಶವಾಹಿಯೂ ಮೆಕ್‌ಎ ಹೊತ್ತ ಕ್ಯಾಸೆಟ್ಟೂ ಬಂದು ಸೇರಿವೆ. ಹಂದಿಗಳಿಗೆ ಹಿಂಡು ಹಿಂಡಾಗಿ ಮೇವು ನೀರಿನಲ್ಲಿ ಕೊಡುತ್ತಿದ್ದ ಔಷಧಗಳಲ್ಲಿ ಟೆಟ್ರಾಸೈಕ್ಲಿನ್ ಮುಂದಿನ ಸಾಲಿನದು ಎಂಬುದನ್ನು ನೆನಪಿಟ್ಟುಕೊಂಡರೆ ಈ ಬದಲಾವಣೆಗಳ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹೀಗೆ ನಮ್ಮ ಮೂಗಿನಿಂದ ಬರಿಗೈಯಲ್ಲಿ ಹೊರಟದ್ದು ಕೊಟ್ಟಿಗೆಯಲ್ಲಿ ಆಯುಧ ಕೂಡಿಸಿಕೊಂಡು ನಮ್ಮ ಮೂಗಿಗೆ ಹಿಂದಿರುಗಿತು. ಮನುಷ್ಯನ ರೋಗನಿರೋಧಕ ಶಕ್ತಿಯಿಂದ ತಪ್ಪಿಸಿಕೊಳ್ಳುವ ಹಳೆಯ ವಿದ್ಯೆಯನ್ನು ಕಳೆದುಕೊಂಡಿರುವುದರಿಂದಲೋ ಏನೋ, ಆಸ್ಪತ್ರೆಯೊಳಗೆ ರೋಗಿಯಿಂದ ರೋಗಿಗೆ ಇದು ಬೇರೆ ಎಂಆರ್‌ಎಸ್‌ಎ ತಳಿಗಳಿಗಿಂತ ಹಲವು ಪಟ್ಟು ಕಡಿಮೆ ಹರಡುತ್ತದೆಂದು ಡಚ್ ಅಧ್ಯಯನಗಳು ತೋರಿಸಿವೆ. ಹಾಗೆಂದು ನಿರಪಾಯಕಾರಿಯಲ್ಲ. ಗಾಯದೊಳಗೆ ಹೊಕ್ಕರೆ ಇದೂ ಉಳಿದವುಗಳಂತೆಯೇ ವರ್ತಿಸುತ್ತದೆ.

ಮೆಕ್‌ಎ ಜೊತೆ ಪಯಣಿಸುವ ವಂಶವಾಹಿಗಳ ಮಾತು ಬಾಕಿಯಿತ್ತು. ಸಿಸಿ398ರ ಕ್ಯಾಸೆಟ್ಟುಗಳಲ್ಲಿ ಹಲವು ಬಾರಿ ಸತುವಿಗೆ ಪ್ರತಿರೋಧ ಕೊಡುವ ವಂಶವಾಹಿಯೊಂದು ಇರುತ್ತದೆ. ತಾಯಿಯಿಂದ ಬಿಡಿಸಿದ ಹಂದಿಮರಿಗಳಿಗೆ ಬರುವ ಭೇದಿಯನ್ನು ತಡೆಯಲು ಯುರೋಪಿನಲ್ಲಿ ಜಿಂಕ್ ಆಕ್ಸೈಡನ್ನು ಮೇವಿನಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಕೊಡುವ ರೂಢಿಯಿತ್ತು. ಸತುವಿರುವ ಕರುಳಿನಲ್ಲೂ ಚರ್ಮದಲ್ಲೂ ಸತುವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾ ಉಳಿಯುತ್ತದೆ. ಅದು ಉಳಿದರೆ ಅದೇ ಕ್ಯಾಸೆಟ್ಟಿನಲ್ಲಿರುವ ಮೆಕ್‌ಎಯೂ ಉಳಿಯುತ್ತದೆ. ಒಂದೇ ಒಂದು ಡೋಸ್ ಪೆನಿಸಿಲಿನ್ ಕೊಡದೆಯೂ ಪೆನಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಸಾಕಿಕೊಳ್ಳಬಹುದು ಎಂಬುದು ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ. ಯುರೋಪಿಯನ್ ಒಕ್ಕೂಟದಲ್ಲಿ ಈ ಬಳಕೆ 2022ರ ಜೂನಿನಲ್ಲಿ ಕೊನೆಗೊಂಡಿತು.

ಔಷಧದ ಲೆಕ್ಕ

ಪ್ರಾಣಿಗಳ ಬೆಳವಣಿಗೆ ಹೆಚ್ಚಿಸಲು ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿಯಾಗಿ ನಿಷೇಧಿಸಿತು. ಮೇವಿನ ಚೀಲದಿಂದ ಔಷಧ ಹೊರಬಿತ್ತು ನಿಜ, ಆದರೆ ನೆದರ್ಲೆಂಡ್ಸ್‌ನಲ್ಲಿ ಅದು ಪಶುವೈದ್ಯರ ಚೀಟಿಯ ಮೂಲಕ ಒಳಬಂತು. ‘ಬೆಳವಣಿಗೆಗೆ’ ಎಂದು ಬರೆಯುತ್ತಿದ್ದ ಕಡೆ ‘ಚಿಕಿತ್ಸೆಗೆ’ ಎಂದು ಬರೆದರೆ ಸಾಕಾಗುತ್ತಿತ್ತು. 2007ರಲ್ಲಿ ಆ ಪುಟ್ಟ ದೇಶದಲ್ಲಿ ಪ್ರಾಣಿಗಳಿಗಾಗಿ ಮಾರಾಟವಾದ ಆಂಟಿಬಯೋಟಿಕ್ 565 ಟನ್. ತನ್ನ ಜನರಿಗೆ ಯುರೋಪಿನಲ್ಲೇ ಅತ್ಯಂತ ಮಿತವಾಗಿ ಆಂಟಿಬಯೋಟಿಕ್ ಬರೆದುಕೊಡುತ್ತಿದ್ದ ದೇಶ ತನ್ನ ಪ್ರಾಣಿಗಳಿಗೆ ಅತ್ಯಂತ ಧಾರಾಳವಾಗಿ ಕೊಡುತ್ತಿದ್ದವರ ಸಾಲಿನಲ್ಲಿತ್ತು. ಈ ವೈರುಧ್ಯ ಬಹುಕಾಲ ಯಾರ ಕಣ್ಣಿಗೂ ಬೀಳದಿರಲು ಕಾರಣ ಸರಳ. ಆಸ್ಪತ್ರೆಯ ಲೆಕ್ಕ ಒಂದು ಇಲಾಖೆಯ ಕಡತದಲ್ಲಿತ್ತು, ಕೊಟ್ಟಿಗೆಯ ಲೆಕ್ಕ ಇನ್ನೊಂದರಲ್ಲಿ.

ಹಂದಿ ಸಾಕಣೆಗಾರರ ಎಂಆರ್‌ಎಸ್‌ಎ ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ತಂದಿಟ್ಟಿತು. ಸರ್ಕಾರ 2009ರ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು 2011ರೊಳಗೆ ಶೇ. 20, 2013ರೊಳಗೆ ಶೇ. 50ರಷ್ಟು ಕಡಿತದ ಗುರಿ ಹಾಕಿತು. 2010ರಲ್ಲಿ ಪಶು ಔಷಧಗಳ ಬಳಕೆಯ ಮೇಲೆ ನಿಗಾ ಇಡುವ ಸ್ವತಂತ್ರ ಸಂಸ್ಥೆ ಹುಟ್ಟಿತು. ಪ್ರತಿ ರೈತನೂ ಒಬ್ಬ ಪಶುವೈದ್ಯನೊಡನೆ ಮಾತ್ರ ಒಪ್ಪಂದ ಮಾಡಿಕೊಳ್ಳಬೇಕಾಯಿತು, ಪ್ರತಿ ಕೊಟ್ಟಿಗೆಗೆ ಹೋದ ಪ್ರತಿ ಔಷಧವೂ ದಾಖಲಾಗತೊಡಗಿತು. ನೆರೆಯವನಿಗಿಂತ ತನ್ನ ಬಳಕೆ ಎಷ್ಟು ಹೆಚ್ಚು ಎಂಬುದು ರೈತನಿಗೆ ಅಂಕಿಯಲ್ಲಿ ಕಾಣುವಂತಾಯಿತು. ಹೆಚ್ಚಾಗಿ ಬರೆದುಕೊಡುವ ಪಶುವೈದ್ಯರ ಹೆಸರೂ ಹಾಗೆಯೇ ಲೆಕ್ಕಕ್ಕೆ ಬಂತು. ಮನುಷ್ಯರ ಚಿಕಿತ್ಸೆಗೆ ಅತಿ ಮುಖ್ಯವಾದ ಫ್ಲೋರೊಕ್ವಿನೊಲೋನ್ ಹಾಗೂ ಮೂರನೆಯ, ನಾಲ್ಕನೆಯ ಪೀಳಿಗೆಯ ಸೆಫಲೊಸ್ಪೊರಿನ್‌ಗಳನ್ನು ಬೇರೆ ಔಷಧ ನಾಟದೆಂದು ಪರೀಕ್ಷೆಯಿಂದ ಖಚಿತವಾದಾಗ ಮಾತ್ರ ಬಳಸಬಹುದೆಂಬ ಕಟ್ಟಳೆ ಬಂತು. 2009ರಲ್ಲಿ 495 ಟನ್ ಇದ್ದ ಮಾರಾಟ 2014ರಲ್ಲಿ 207 ಟನ್‌ಗೆ ಇಳಿಯಿತು, ಅಂದರೆ ಶೇ. 58ರಷ್ಟು ಕಡಿತ. ಹಂದಿ ಉದ್ಯಮ ಮುಳುಗುತ್ತದೆ ಎಂಬ ಭವಿಷ್ಯ ನಿಜವಾಗಲಿಲ್ಲ.

ಆದರೆ ಔಷಧ ಇಳಿದ ವೇಗದಲ್ಲಿ ಎಂಆರ್‌ಎಸ್‌ಎ ಹಂದಿಗಳಿಂದ ಇಳಿಯಲಿಲ್ಲ. ಒಮ್ಮೆ ಕೊಟ್ಟಿಗೆಯಲ್ಲಿ ನೆಲೆಗೊಂಡ ಮೇಲೆ ತಾಯಿಹಂದಿಯಿಂದ ಮರಿಗೆ, ಮರಿಗಳ ಮಾರಾಟದ ಮೂಲಕ ಊರಿಂದ ಊರಿಗೆ ಅದು ಸಾಗುತ್ತದೆ. ಅದು ಹೀಗೆ ಸಾಗುತ್ತಲೇ ಇರಲು ದಿನವೂ ಔಷಧದ ಒತ್ತಡ ಬೇಕೆಂದೇನಿಲ್ಲ. ಈ ವಿಷಯದಲ್ಲಿ ನಾರ್ವೆ ಬೇರೆ ದಾರಿ ಹಿಡಿಯಿತು. ಅಲ್ಲಿ ಹಂದಿ ಹಿಂಡಿನಲ್ಲಿ ಇದು ಕಂಡರೆ ಹಿಂಡನ್ನೇ ಖಾಲಿ ಮಾಡಿ, ಕಟ್ಟಡವನ್ನು ತೊಳೆದು, ಸೋಂಕುನಿವಾರಕ ಹಾಕಿ, ಶುದ್ಧವೆಂದು ಖಚಿತವಾದ ಹಿಂಡಿನಿಂದ ಹಂದಿಗಳನ್ನು ತಂದು ತುಂಬುತ್ತಾರೆ. ಇನ್ನೂ ವಿರಳವಾಗಿರುವಾಗಲೇ ಕೈಹಾಕಿದ್ದರಿಂದ ಅದು ಸಾಧ್ಯವಾಯಿತು. ನೆದರ್ಲೆಂಡ್ಸ್‌ನಲ್ಲಿ ಹತ್ತರಲ್ಲಿ ಎಂಟು ಹಿಂಡುಗಳಿಗೆ ಹಬ್ಬಿದ ಮೇಲೆ ಹಾಗೆ ಮಾಡಹೊರಟರೆ ಉದ್ಯಮವನ್ನೇ ಖಾಲಿ ಮಾಡಬೇಕಾಗುತ್ತಿತ್ತು. ನಾರ್ವೆಗೆ ಜೀವಂತ ಹಂದಿಗಳ ಆಮದು ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ಅಲ್ಲಿನ ಹಂದಿಗಳಿಗೆ ಇದು ಬಂದದ್ದು ಹೇಗೆ ಎಂದು ತನಿಖೆ ಮಾಡಿದಾಗ ಸಿಕ್ಕ ಉತ್ತರ, ಮನುಷ್ಯರು ತಂದರು ಎಂಬುದು. ಸೋಂಕನ್ನು ಹೊತ್ತ ಕೆಲಸಗಾರರಿಂದ ಹಂದಿಗೆ, ಹಂದಿಯಿಂದ ಹಂದಿಗೆ, ಹಂದಿ ಸಾಗಿಸುವ ಲಾರಿಯಿಂದ ಮತ್ತೊಂದು ಹಿಂಡಿಗೆ ಅದು ದಾಟಿತ್ತು.

ನಮ್ಮ ಕೊಟ್ಟಿಗೆಗಳ ಕಡೆಗೆ

ಈ ಪ್ರಕರಣವನ್ನು ಕರ್ನಾಟಕದಲ್ಲಿ ಕುಳಿತು ಓದುವಾಗ ಹಂದಿಗಿಂತ ಹಸು ಕಣ್ಣೆದುರು ಬರುತ್ತದೆ. ಬೆಳಗ್ಗೆ ಹಾಲು ಕರೆಯಲು ಕುಳಿತಾಗ ಒಂದು ಮೊಲೆ ಗಡುಸಾಗಿ ಬಿಸಿಯಾಗಿದೆ, ಮೊದಲ ಧಾರೆಯಲ್ಲಿ ಮೊಸರಿನಂಥ ಗಸಿ ಬರುತ್ತದೆ. ಹಾಲಿನ ಡೇರಿಗೆ ಹಾಲು ಹಾಕುವ ಮನೆಯವರಿಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ. ಮೊಲೆಗೆ ಆಂಟಿಬಯೋಟಿಕ್ ಟ್ಯೂಬು ಏರಿಸುತ್ತಾರೆ, ಚುಚ್ಚುಮದ್ದು ಕೊಡಿಸುತ್ತಾರೆ. ಔಷಧದ ಅಂಶ ಇಳಿಯುವವರೆಗೆ ಡೇರಿಗೆ ಹಾಕಬಾರದ ಹಾಲನ್ನು ಚೆಲ್ಲಲು ಮನಸ್ಸಾಗದೆ ಕರುವಿಗೆ ಕುಡಿಸುವುದುಂಟು. ಕರುವಿನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದು ಸಣ್ಣ ಡೋಸಿನ ದಿನನಿತ್ಯದ ತರಬೇತಿ. ಹಾಲು ಕರೆಯುವ ಕೈಯೇ ಮಗುವಿನ ಮೂಗನ್ನೂ ಒರೆಸುತ್ತದೆ.

ಕೆಚ್ಚಲುಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಾಲು ಉತ್ಪಾದಕರಲ್ಲಿ ಪ್ರಚಾರ ಮಾಡುತ್ತಿರುವುದು ಆಂಟಿಬಯೋಟಿಕ್ ಬಳಕೆಯನ್ನು ತಗ್ಗಿಸುವ ಉದ್ದೇಶದಿಂದಲೇ. ಕಾನೂನಿನ ಕಡೆಯಿಂದ ನೋಡಿದರೆ, 2014ರ ಮಾರ್ಚಿನಿಂದ ಎಚ್-1 ಪಟ್ಟಿಯ ಆಂಟಿಬಯೋಟಿಕ್‌ಗಳನ್ನು ಮಾರುವ ಔಷಧದಂಗಡಿ ರೋಗಿಯ ಮತ್ತು ವೈದ್ಯರ ಹೆಸರನ್ನು ದಾಖಲಿಸಬೇಕು. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ನಿಷೇಧಿಸಿತು.

ಆದರೆ ನನ್ನ ತಿಳಿವಿಗೆ ಬಂದಂತೆ ನಮಗೂ ನೈಮೇಖೆನ್‌ಗೂ ಇರುವ ದೊಡ್ಡ ಅಂತರ ಕಾನೂನಿನಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಜಾಲಕ್ಕೆ ಸೇರಿದ ಆಸ್ಪತ್ರೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಿಕ್ಕ ಸ್ಟಾಫಿಲೊಕಾಕಸ್ ಆರಿಯಸ್‌ನಲ್ಲಿ ಶೇ. 40ರ ಆಸುಪಾಸು ಎಂಆರ್‌ಎಸ್‌ಎ. ಇಷ್ಟೊಂದಿರುವ ಕಡೆ ಹಳ್ಳಿಯಿಂದ ಬಂದ ಒಂದು ಮಗುವಿನಲ್ಲಿ ಅದು ಸಿಕ್ಕರೆ ‘ಇಲ್ಲೇ ತಗುಲಿರಬೇಕು’ ಎಂಬ ತೀರ್ಮಾನ ಸಹಜವಾಗಿ ಬರುತ್ತದೆ, ಬಹುಶಃ ಹೆಚ್ಚಿನ ಸಲ ಸರಿಯೂ ಆಗಿರುತ್ತದೆ. ಆ ತೀರ್ಮಾನ ತಪ್ಪಾದ ಸಲವೂ ತಂದೆತಾಯಿ ಏನು ಕೆಲಸ ಮಾಡುತ್ತಾರೆ ಎಂಬ ಪ್ರಶ್ನೆಯವರೆಗೆ ಯಾರೂ ಹೋಗುವುದಿಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆಯಂಥ ಕಡೆ ಪ್ರಾಣಿಗಳ ಬ್ಯಾಕ್ಟೀರಿಯಾವನ್ನು ಪರೀಕ್ಷಿಸುವ ಸಾಮರ್ಥ್ಯವಿದೆ, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ರೋಗಿಯ ಮಾದರಿ ಬೆಳೆಸುವ ಅನುಕೂಲವೂ ಹೆಚ್ಚುತ್ತಿದೆ. ಒಂದು ಮನೆಯ ಹಸುವಿನ ಗಸಿಹಾಲೂ ಅದೇ ಮನೆಯ ಬಾಣಂತಿಯ ಕೀವೂ ಒಂದೇ ಮೇಜಿಗೆ ಬರಬೇಕಾದರೆ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ಫೋನು ಮಾಡಬೇಕು.

ನೆದರ್ಲೆಂಡ್ಸ್ ಆ ಫೋನಿನ ಕೆಲಸವನ್ನು ಒಂದು ನಮೂನೆಗೆ ಒಪ್ಪಿಸಿತು. 2006ರಲ್ಲಿ ಆಸ್ಪತ್ರೆಗಳ ಮಾರ್ಗಸೂಚಿ ತಿದ್ದುಪಡಿಯಾಗಿ ಹೊರದೇಶದ ಆಸ್ಪತ್ರೆಯಿಂದ ಬಂದವರ ಜೊತೆಗೆ ಹಂದಿ ಸಾಕುವವರೂ ಎಚ್ಚರಿಕೆಯ ಪಟ್ಟಿಗೆ ಸೇರಿದರು. ಇಂದು ಅಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದೋ ಹೆರಿಗೆಗೆಂದೋ ದಾಖಲಾಗಲು ಬಂದವರನ್ನು ಅಲರ್ಜಿ, ಹಿಂದಿನ ಕಾಯಿಲೆಗಳ ಜೊತೆಗೆ ಇನ್ನೊಂದು ವಿಷಯವನ್ನೂ ಕೇಳುತ್ತಾರೆ: ಕೆಲಸದ ಕಾರಣಕ್ಕೆ ಜೀವಂತ ಹಂದಿ, ಮಾಂಸದ ಕರು ಅಥವಾ ಮಾಂಸದ ಕೋಳಿಗಳ ಸಂಪರ್ಕವಿದೆಯೇ? ‘ಹೌದು’ ಎಂದವರ ಮೂಗಿಗೆ ಹತ್ತಿಕಡ್ಡಿ ಹೋಗುತ್ತದೆ. ದಾಖಲಾಗಬೇಕಾದವರಿಗೆ ಫಲಿತಾಂಶ ಬರುವವರೆಗೆ ಒಂಟಿ ಕೋಣೆ.